ಮೆಟ್ಟಿಲ ಮೇಲೆ ಕೂತ ದೇವಿ ಮಹಾತ್ಮೆ

ನವರಾತ್ರಿ ಎಂದರೆ ಮುಂಬೈಯ ಮಕ್ಕಳಿಗೆ ಮೊದಲು ನೆನಪಾಗುವುದು ದಾಂಡಿಯಾ, ಆಮೇಲೆ ದಿನಕ್ಕೊಂದು ಬಣ್ಣ. ಇವತ್ತು ಹಳದಿ, ನಾಳೆ ಹಸಿರು ಎಂದು ಪತ್ರಿಕೆಗಳೇ ಪಟ್ಟಿ ಕೊಡುತ್ತವೆ. ಲೋಕಲ್ ರೈಲಿನ ಮಹಿಳಾ ಡಬ್ಬಿ ಅದೇ ಬಣ್ಣಕ್ಕೆ ತಿರುಗುತ್ತದೆ. ನೋಡಲು ಚಂದವೇ. ಆದರೆ ಈ ಒಂಬತ್ತು ದಿನ ಯಾರು ಯಾರೊಡನೆ ಕಾದಿದರು ಎಂದು ಕೇಳಿದರೆ ರಾವಣನ ಹೆಸರು ಹೇಳುವ ಮಕ್ಕಳೂ ಸಿಗುತ್ತಾರೆ. ಕರಾವಳಿ ಮೂಲದ ಮನೆಯ ಮಕ್ಕಳಾದರೆ ಯಕ್ಷಗಾನದ ಮಹಿಷಾಸುರ ದೊಂದಿ ಹಿಡಿದು ಸಭೆಯ ನಡುವಿನಿಂದಲೇ ಅಬ್ಬರಿಸಿ ಬರುವುದನ್ನು ಕಂಡು ಹೆದರಿರುತ್ತಾರೆ. ಅವರಿಗೆ ಬೇರೆ ಪಾಠ ಬೇಡ. ಹಳೆ ಮೈಸೂರಿನ ಕಡೆಯವರ ಮನೆಗಳಲ್ಲಿ ಆ ಕೆಲಸ ಗೊಂಬೆಗಳದ್ದು.

ಮಾಟುಂಗದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಆ ಕಡೆಯಿಂದ ಬಂದು ನೆಲೆಸಿದ ಸಂಸಾರಗಳ ಟ್ರಂಕಿನೊಳಗೆ ಪಟ್ಟದ ಗೊಂಬೆಗಳೂ ಬಂದವು. ಮೆಟ್ಟಿಲ ಮೇಲೆ ಗೊಂಬೆ ಕೂರಿಸುವ ಪದ್ಧತಿ ನೆರೆಯ ತಮಿಳರಲ್ಲೂ ಇದೆ, ಅವರದು ಕೊಲು. ಹಾಗಾಗಿ ಮಾಟುಂಗದ ಪೇಟೆಯಲ್ಲಿ ಹಬ್ಬದ ಹೊತ್ತಿಗೆ ಗೊಂಬೆಗೆ ಕೊರತೆಯಿಲ್ಲ. ಕೊರತೆ ಇರುವುದು ಜಾಗಕ್ಕೆ. ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಸೂಟ್‌ಕೇಸು, ಸ್ಟೂಲು, ಹಳೆ ಪುಸ್ತಕದ ಕಟ್ಟುಗಳೇ ಮೆಟ್ಟಿಲಾಗುತ್ತವೆ. ಮೇಲೊಂದು ಬಿಳಿ ಪಂಚೆ ಹಾಸಿದರೆ ಸಿಂಹಾಸನ ಸಿದ್ಧ. ಸಂಖ್ಯೆ ಮಾತ್ರ ಬೆಸ: ಮೂರು, ಐದು, ಏಳು, ಒಂಬತ್ತು. ಮೇಲೆ ಕಳಶ, ಜರಿ ತುಂಡು ಉಟ್ಟ ರಾಜ-ರಾಣಿ. ಅದರ ಕೆಳಗೆ ದಶಾವತಾರ. ತಳದಲ್ಲಿ ಬೇಳೆ-ಅಕ್ಕಿ ಹರಡಿಕೊಂಡು ಕೂತ ಶೆಟ್ಟಿ-ಶೆಟ್ಟಿತಿ. ಪಕ್ಕದ ತಟ್ಟೆಯಲ್ಲಿ ರಾಗಿ ಪೈರಿನ ಪಾರ್ಕು. ಮುಂಬೈ ಅಂಗಡಿಯಲ್ಲಿ ರಾಗಿ ಬೇಕೆಂದರೆ ನಾಚಣಿ ಎನ್ನಬೇಕು. ಘಟಸ್ಥಾಪನೆಗೆ ತಾವೂ ಧಾನ್ಯ ಬಿತ್ತುವ ಮರಾಠಿ ನೆರೆಯವರಿಗೆ ಈ ಹಸಿರು ಕಂಡರೆ ಏನೂ ವಿವರಿಸಬೇಕಾಗಿಲ್ಲ. ದೀಪಾವಳಿಗೆ ಬಿಲ್ಡಿಂಗಿನ ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ ಶಿವಾಜಿಯನ್ನು ಕೂರಿಸುವ ಅವರ ಮಕ್ಕಳಿಗೂ ಈ ಆಟ ಹೊಸದಲ್ಲ.

ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಇಷ್ಟು ದೇವರಿದ್ದೂ ಯಾಕೆ ಎಲ್ಲರೂ ಸುಮ್ಮನೆ ನಿಂತಿದ್ದಾರೆ? ಅಜ್ಜಿಯರ ಬಳಿ ಉತ್ತರ ಸಿದ್ಧವಿರುತ್ತದೆ. ಶಿವ ತ್ರಿಶೂಲ ಕೊಟ್ಟ, ವಿಷ್ಣು ಚಕ್ರ ಕೊಟ್ಟ, ಇಂದ್ರ ವಜ್ರಾಯುಧ ಕೊಟ್ಟ, ಹಿಮವಂತ ಸಿಂಹವನ್ನೇ ಕೊಟ್ಟ. ಇದ್ದ ಶಕ್ತಿಯನ್ನೆಲ್ಲ ದೇವಿಗೆ ಒಪ್ಪಿಸಿದ ಮೇಲೆ ದೇವತೆಗಳು ಗೊಂಬೆಗಳ ಹಾಗೆ ನಿಂತುಬಿಟ್ಟರು, ಯುದ್ಧ ಮುಗಿಯುವವರೆಗೆ. ದೇವಿ ಮಹಾತ್ಮೆಯ ತಿರುಳು ಇಷ್ಟರಲ್ಲೇ ಬಂತು. ಶಕ್ತಿ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನಂತೂ ಕೇಳಿಲ್ಲ.

ಇನ್ನೊಂದು ಕಥೆಯನ್ನು ಹೇಳುವವರು ಕಡಿಮೆ. ರಾಜ್ಯ ಕಳೆದುಕೊಂಡ ಸುರಥ ರಾಜ, ಹೆಂಡತಿ ಮಕ್ಕಳೇ ಮನೆಯಿಂದ ಹೊರದೂಡಿದ ಸಮಾಧಿ ಎಂಬ ವರ್ತಕ, ಇಬ್ಬರೂ ಕಾಡಿನಲ್ಲಿ ಮೇಧಸ ಮುನಿಯಿಂದ ದೇವಿಯ ಕಥೆ ಕೇಳಿ ಹೊಳೆಯ ದಂಡೆಯಲ್ಲಿ ಮಣ್ಣಿನ ಮೂರ್ತಿ ಮಾಡಿ ಪೂಜಿಸಿದರು. ರಾಜ ರಾಜ್ಯ ಬೇಡಿದ, ವರ್ತಕ ಜ್ಞಾನ ಬೇಡಿದ. ಪಟ್ಟದ ರಾಜನಿಗೂ ಅಂಗಡಿಯ ಶೆಟ್ಟಿಗೂ ಒಂದೇ ಮೆಟ್ಟಿಲಸಾಲಿನಲ್ಲಿ ಜಾಗ ಸಿಕ್ಕಿದ್ದನ್ನು ನೋಡಿದಾಗ ನನಗೆ ಈ ಇಬ್ಬರೇ ನೆನಪಾಗುತ್ತಾರೆ. ಶಾಸ್ತ್ರದ ಆಧಾರ ಕೇಳಬೇಡಿ; ಮಕ್ಕಳಿಗೆ ಹೇಳಲು ಒಳ್ಳೆಯ ದಾರಿ, ಅಷ್ಟೆ.

ಕಥೆ ಹೇಳುವ ಸರದಿಯನ್ನು ಮಕ್ಕಳಿಗೇ ಬಿಡುವ ಮನೆಗಳಲ್ಲಿ ಹಬ್ಬಕ್ಕೆ ಕಳೆ ಹೆಚ್ಚು. ಸಂಜೆ ಆರತಿಗೆ ಬಂದವರೆದುರು ಇಂಗ್ಲಿಷ್ ಶಾಲೆಯ ಹುಡುಗನೋ ಹುಡುಗಿಯೋ ಮತ್ಸ್ಯ, ಕೂರ್ಮ, ವರಾಹ ಎಂದು ಬೆರಳಿಟ್ಟು ಹೇಳುತ್ತಾ, ನಡುವೆ ಹಿಂದಿ ಬೆರೆಸುತ್ತಾ, ನರಸಿಂಹನ ಹತ್ತಿರ ಬಂದಾಗ ಒಮ್ಮೆ ಗರ್ಜಿಸಿಯೇ ಮುಂದೆ ಹೋಗುವುದು. ಕೇಳಿದವರ ಕೈಗೆ ಕಡಲೆ ಉಸಲಿ, ಜೊತೆಗೆ ಬಂದ ಮಕ್ಕಳಿಗೆ ಗೊಂಬೆ ಬಾಗಿನ. ಬಾಂದ್ರಾದ ಆಫೀಸಿನಿಂದ ಎಂಟೂವರೆಗೆ ಮನೆ ತಲುಪುವ ಅಪ್ಪ ಅಮ್ಮಂದಿರಿಗಾಗಿ ಎಷ್ಟೋ ಮನೆಗಳಲ್ಲಿ ಈ ಭೇಟಿಗಳೆಲ್ಲ ಶನಿವಾರ, ಭಾನುವಾರಕ್ಕೆ ಸರಿದಿವೆ. ಈಚೆಗೆ ಲೋಕಲ್ ರೈಲು, ಡಬ್ಬಾವಾಲಾ, ಕ್ರಿಕೆಟ್ ಮೈದಾನವೆಲ್ಲ ಮೆಟ್ಟಿಲ ಬದಿಗೆ ಬಂದು ಕೂರುತ್ತಿವೆ. ಅವೂ ಇರಲಿ. ಆದರೆ ಫೋಟೊ ಸ್ಪರ್ಧೆಗೆಂದೇ ಜೋಡಿಸಿದ ಸಾಲಿನಲ್ಲಿ ಮಕ್ಕಳನ್ನು ‘ಮುಟ್ಟಬೇಡ’ ಎಂದು ಗದರಿಸುವುದು ಮಾತ್ರ ನನಗೆ ಹಿಡಿಸದು.

ಹೊಸದಾಗಿ ಶುರುಮಾಡುವವರಿಗೆ ಮೂರು ಮೆಟ್ಟಿಲು, ಒಂದು ಜೋಡಿ ಪಟ್ಟದ ಗೊಂಬೆ ಸಾಕು. ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಿಸುವುದು ವಾಡಿಕೆ. ಯಾವುದೆಂದು ಮಕ್ಕಳೇ ಆರಿಸಲಿ. ಅದರ ಕಥೆಯನ್ನು ಹುಡುಕಿ ತರುವ ಕೆಲಸ ಮನೆಯ ಹಿರಿಯರಿಗಿರಲಿ.