ಊರು, ಕೇರಿ, ನಿವೇಶನ: ನ್ಯಾಯಯುತ ವಸತಿ ಹಂಚಿಕೆ ಮತ್ತು ಜನಸಮ್ಮತಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕನ್ನಡನಾಡಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಮನೆ ಕಟ್ಟುವುದು ಕುಟುಂಬವೊಂದರ ಶಕ್ತಿಯನ್ನು ಪರೀಕ್ಷಿಸುವ ಕಾರ್ಯವೆಂಬುದು ಇದರ ಆಶಯ. ಆದರೆ ಮನೆ ಎಲ್ಲಿ ನಿಲ್ಲಬೇಕೆಂಬುದನ್ನು ಕುಟುಂಬವೊಂದೇ ನಿರ್ಧರಿಸಿದ್ದಿಲ್ಲ. ಅದನ್ನು ಊರು ನಿರ್ಧರಿಸುತ್ತ ಬಂದಿದೆ. ಬಡವರಿಗೆ ವಸತಿಯನ್ನು ನ್ಯಾಯವಾಗಿ ಹಂಚುವ ಯೋಜನೆಗಳಿಗೆ ಜನಸಮ್ಮತಿ ದೊರೆಯುವ ಅಥವಾ ದೊರೆಯದಿರುವ ಕಾರಣಗಳನ್ನು ಈ ಹಿನ್ನೆಲೆಯಲ್ಲಿಯೇ ಅರಿಯಬೇಕಾಗುತ್ತದೆ.

ಸಾಂಪ್ರದಾಯಿಕ ಗ್ರಾಮರಚನೆಯಲ್ಲಿ ‘ಊರು’ ಮತ್ತು ‘ಕೇರಿ’ ಎಂಬ ಪದಗಳು ಕೇವಲ ಸ್ಥಳಸೂಚಕಗಳಲ್ಲ. ಊರಿನಿಂದ ಪ್ರತ್ಯೇಕವಾಗಿದ್ದ ದಲಿತರ ಕೇರಿ, ಹೊರವಲಯದ ಹಟ್ಟಿ, ದೂರದ ತಾಂಡಾ, ಕಾಡಿನಂಚಿನ ಹಾಡಿ ಇವೆಲ್ಲವೂ ಸಾಮಾಜಿಕ ಅಂತರವನ್ನು ನೆಲದ ಮೇಲೆ ಗುರುತಿಸಿದ ರೇಖೆಗಳು. 1970ರ ದಶಕದ ‘ಜನತಾ ಮನೆ’ಗಳೂ 1990ರ ದಶಕದ ‘ಆಶ್ರಯ ಮನೆ’ಗಳೂ ಅನೇಕ ಕಡೆ ಊರಿನಾಚೆ ಒಂದೇ ಕಡೆ ಗುಂಪಾಗಿ ನಿಂತವು. ಅಲ್ಲಿನ ವಾಸಿಗಳನ್ನು ‘ಕಾಲೊನಿಯವರು’ ಎಂದು ಕರೆಯುವ ವಾಡಿಕೆಯೂ ಬೆಳೆಯಿತು. ಹೀಗೆ ಸೂರು ದೊರೆತರೂ ಹಳೆಯ ರೇಖೆ ಹೊಸ ಹೆಸರಿನಲ್ಲಿ ಉಳಿಯಿತು.

ಕಾನೂನು ಈ ಸಮಸ್ಯೆಯನ್ನು ಮತ್ತೊಂದು ದಿಕ್ಕಿನಿಂದ ಸಮೀಪಿಸಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 38ನೆಯ ಪ್ರಕರಣವು ಅನ್ಯರ ಭೂಮಿಯಲ್ಲಿ ವಾಸಿಸುತ್ತಿದ್ದ ಕೃಷಿ ಕಾರ್ಮಿಕರಿಗೆ ವಾಸದ ಮನೆಯ ಒಡೆತನವನ್ನು ನೀಡಿತು. 2016ರ ತಿದ್ದುಪಡಿಯು ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿ ಮುಂತಾದ ಜನವಸತಿಗಳಿಗೂ ಇದೇ ತತ್ವವನ್ನು ವಿಸ್ತರಿಸಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾದುದು ಇದರ ಫಲ. ಇಲ್ಲಿ ಜನರನ್ನು ಬೇರೆಡೆಗೆ ಸಾಗಿಸದೆ, ಅವರು ನಿಂತ ನೆಲೆಗೇ ಮಾನ್ಯತೆ ನೀಡಲಾಗಿದೆ.

ಪ್ರದೇಶವಾರು ಹಂಚಿಕೆಯ ಪ್ರಶ್ನೆಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಒಂದು ಮಾದರಿಯನ್ನು ಒದಗಿಸುತ್ತದೆ. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಅದು ಗುರುತಿಸಿತು. ಇವುಗಳಲ್ಲಿ 59 ಉತ್ತರ ಕರ್ನಾಟಕಕ್ಕೂ 55 ದಕ್ಷಿಣ ಕರ್ನಾಟಕಕ್ಕೂ ಸೇರಿದ್ದವು. ಆದರೆ ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವು. ಕೊರತೆ ಎಲ್ಲ ಕಡೆಯೂ ಇದೆಯೆಂಬುದನ್ನು ಒಪ್ಪಿಕೊಂಡೇ ಹೆಚ್ಚು ಕೊರತೆಯಿರುವಲ್ಲಿಗೆ ಆದ್ಯತೆ ಕೇಳುವುದರಿಂದ, ಅದು ಒಂದು ಸೀಮೆಯ ಹಟವಾಗದೆ ನ್ಯಾಯದ ಮಾತಾಗುತ್ತದೆ. ವಸತಿಯ ಹಂಚಿಕೆಗೂ ಇಂತಹ ಬಹಿರಂಗ ಅಳತೆಗೋಲು ಅಗತ್ಯ.

ಗ್ರಾಮಮಟ್ಟದಲ್ಲಿ ಸಮ್ಮತಿಗೆ ಜನಪದ ಪರಂಪರೆಯ ಆಧಾರಗಳಿವೆ. ಮುಯ್ಯಾಳು ಪದ್ಧತಿಯಲ್ಲಿ ಒಬ್ಬರ ಕೆಲಸಕ್ಕೆ ನೆರೆಯವರು ದುಡಿದು, ಅದೇ ದುಡಿಮೆಯನ್ನು ಮರಳಿ ಪಡೆಯುತ್ತಾರೆ. ಆದರೆ ಈ ಪದ್ಧತಿ ಹೆಚ್ಚಾಗಿ ಸರಿಸಮಾನರ ನಡುವೆ ನಡೆದುದು. ಭೂಹೀನ ಕೂಲಿಕಾರ ಅದರ ಅಂಚಿನಲ್ಲಿಯೇ ಉಳಿದ. ಆದ್ದರಿಂದ ಪರಂಪರೆಯನ್ನು ವೈಭವೀಕರಿಸುವುದಕ್ಕಿಂತ ಅದರ ಪರಸ್ಪರತೆಯ ತತ್ವವನ್ನು ವಿಸ್ತರಿಸುವುದು ಉಚಿತ.

ನಿವೇಶನಗಳಿಗೆ ಬರುವ ವಿರೋಧವೆಲ್ಲವೂ ಒಂದೇ ಬಗೆಯದಲ್ಲ. ಗೋಮಾಳ ಹೋದರೆ ದನಕರುಗಳಿಗೆ ಮೇವೆಲ್ಲಿ ಎಂಬ ಆತಂಕಕ್ಕೆ ಬದಲಿ ನೆಲವನ್ನು ತೋರಿಸಿ ಉತ್ತರಿಸಬಹುದು. ‘ಅವರು ನಮ್ಮ ಓಣಿಗೆ ಬೇಡ’ ಎಂಬ ಆಕ್ಷೇಪಕ್ಕೆ ರಿಯಾಯಿತಿ ಸಲ್ಲದು. ಎರಡನೆಯದು ಬಹುಮಟ್ಟಿಗೆ ಮೊದಲನೆಯದರ ಮಾತಿನಲ್ಲಿಯೇ ವ್ಯಕ್ತವಾಗುವುದರಿಂದ ಇವೆರಡನ್ನೂ ಬೇರ್ಪಡಿಸಿ ಕೇಳಿಸಿಕೊಳ್ಳುವುದು ಸಮ್ಮತಿಯ ಮೊದಲ ಹೆಜ್ಜೆ.

ಫಲಾನುಭವಿಗಳನ್ನು ಗುರುತಿಸುವ ವಾರ್ಡ್ ಸಭೆ, ಗ್ರಾಮಸಭೆಗಳು ಇದಕ್ಕೆ ವೇದಿಕೆಗಳು. ಡಂಗುರ ಸಾರಿ, ಕೇರಿಯವರೂ ಬಂದು ಕೂರಬಲ್ಲ ಜಾಗದಲ್ಲಿ ಸಭೆ ಸೇರಿಸಿ, ಪಟ್ಟಿಯನ್ನು ಗಟ್ಟಿಯಾಗಿ ಓದಿದಾಗ, ಹೆಸರು ಬಿಟ್ಟುಹೋದವರು ಅಲ್ಲಿಯೇ ಪ್ರಶ್ನಿಸಬಹುದು. ಆದರೆ ಯಾರಿಗೆ ಮನೆ ಎಂಬುದರ ಜೊತೆಗೆ ಎಲ್ಲಿ ಮನೆ ಎಂಬುದೂ ಅಲ್ಲಿ ಚರ್ಚೆಯಾಗಬೇಕು. ಬಾವಿ, ಶಾಲೆ, ಬಸ್ಸಿನ ದಾರಿಗೆ ಸಮೀಪದಲ್ಲಿ, ಊರಿನ ಎಲ್ಲ ದಿಕ್ಕುಗಳಲ್ಲಿಯೂ ನಿವೇಶನಗಳನ್ನು ಚದುರಿಸಿದಾಗ ಮಾತ್ರ ‘ಕಾಲೊನಿಯವರು’ ಎಂಬ ಮಾತು ಮರೆಯಾಗಿ, ಅವರೂ ‘ಊರವರು’ ಎನಿಸಿಕೊಳ್ಳುತ್ತಾರೆ.