ಕಂದು ಬಣ್ಣದ್ದೆಲ್ಲ ಹಸಿರಲ್ಲ

ಆನ್‌ಲೈನ್ ಮಾರಾಟದ ಪ್ಯಾಕಿಂಗ್: ತಪ್ಪು ಕಲ್ಪನೆ ಮತ್ತು ವಾಸ್ತವ

ಚಾಮರಾಜನಗರದ ಅರಿಶಿಣ ಈಗ ಕೊಂಬಾಗಿ ಮಂಡಿಗೆ ಹೋಗುವುದರ ಜೊತೆಗೆ ಪುಡಿಯಾಗಿ, ಅರ್ಧ ಕೆ.ಜಿ. ಪೊಟ್ಟಣವಾಗಿ ಕೊರಿಯರ್ ಹತ್ತುತ್ತಿದೆ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಡಿ ಈ ಜಿಲ್ಲೆಗೆ ಗೊತ್ತುಮಾಡಿದ ‘ಒಂದು ಜಿಲ್ಲೆ ಒಂದು ಉತ್ಪನ್ನ’ವೂ ಅರಿಶಿಣವೇ. ಬಿಳಿಗಿರಿರಂಗನ ಬೆಟ್ಟದ ಜೇನು, ಕೊಳ್ಳೇಗಾಲದ ರೇಷ್ಮೆ, ಬಾಳೆಕಾಯಿ ಹುಡಿ, ಬಾಳೆನಾರಿನ ಬುಟ್ಟಿಗಳೂ ಅದೇ ದಾರಿ ಹಿಡಿದಿವೆ. ಮಾರುವವರಲ್ಲಿ ಸ್ವಸಹಾಯ ಸಂಘದವರಿದ್ದಾರೆ, ರೈತರ ಕಂಪನಿಗಳಿವೆ, ಮನೆಯಲ್ಲೇ ಕುಟ್ಟಿ ಬೀಸಿ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಹಿಡಿಯುವವರೂ ಇದ್ದಾರೆ.

ಲೇಬಲ್ ಮೇಲೆ ‘ಸಾವಯವ’ ಎಂದು ಬರೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಲು ಇವರಲ್ಲಿ ಬಹಳ ಮಂದಿಗೆ ಸಂಕೋಚ. ಬಂಡೀಪುರದ ಹೆದ್ದಾರಿ ಬದಿಯಲ್ಲಿ ಎಸೆದ ಕವರನ್ನು ಜಿಂಕೆ, ಆನೆ ಬಾಯಿಗೆ ಹಾಕಿಕೊಳ್ಳುವುದನ್ನು ಕಂಡ ಊರುಗಳಲ್ಲಿ ಆ ಸಂಕೋಚಕ್ಕೆ ಅರ್ಥವೂ ಇದೆ. ಆದರೆ ‘ಇಕೋ ಫ್ರೆಂಡ್ಲಿ’ ಎಂದು ಮಾರುವುದೆಲ್ಲವನ್ನೂ ನಂಬಿ ಆರ್ಡರ್ ಕೊಟ್ಟರೆ ದುಡ್ಡೂ ಹೋಗುತ್ತದೆ, ಕಸವೂ ಉಳಿಯುತ್ತದೆ.

ತಪ್ಪು ಕಲ್ಪನೆ 1: ಕಂದು ಬಣ್ಣದ ಕ್ರಾಫ್ಟ್ ಪೌಚ್ ಎಂದರೆ ಕಾಗದ.

ವಾಸ್ತವ: ಜಿಪ್ ಇರುವ, ನಿಲ್ಲಿಸಿದರೆ ನಿಲ್ಲುವ ಕಂದು ಪೌಚುಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ. ಕೆಲವಕ್ಕೆ ಅಲ್ಯೂಮಿನಿಯಂ ಹಾಳೆಯೂ ಉಂಟು. ಒಂದು ಪೌಚನ್ನು ನಿಧಾನವಾಗಿ ಹರಿದು ನೋಡಿ. ಕಾಗದ ಹರಿದ ಮೇಲೂ ತೆಳು ಪೊರೆಯೊಂದು ಎಳೆಯಂತೆ ಹಿಗ್ಗಿದರೆ ಅದು ಪ್ಲಾಸ್ಟಿಕ್. ಹೀಗೆ ಅಂಟಿಕೊಂಡದ್ದನ್ನು ಬಿಡಿಸಲಾಗದು, ಹಾಗಾಗಿ ಗುಜರಿಯವರು ಮುಟ್ಟುವುದಿಲ್ಲ. ದೇಶದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳೂ ಇದನ್ನು ಕಾಗದವೆಂದು ಲೆಕ್ಕಿಸದೆ ಬಹುಪದರದ ಪ್ಲಾಸ್ಟಿಕ್ ಪ್ಯಾಕಿಂಗ್ ಎಂದೇ ಪ್ರತ್ಯೇಕ ವರ್ಗಕ್ಕೆ ಸೇರಿಸಿವೆ.

ಹಾಗಂತ ಬರೀ ಕಾಗದದಲ್ಲಿ ಅರಿಶಿಣ ಕಟ್ಟಲಾಗದು. ತೇವ ತಗಲಿದರೆ ಪುಡಿ ಗಂಟು ಕಟ್ಟುತ್ತದೆ, ಬೆಳಕು ಬಿದ್ದರೆ ಬಣ್ಣ ಕೊಡುವ ಕರ್ಕ್ಯುಮಿನ್ ಕುಂದುತ್ತದೆ. ಒಳಗೆ ಒಂದೇ ಬಗೆಯ ಪ್ಲಾಸ್ಟಿಕ್ಕಿನ ಸೀಲಾದ ಪೊಟ್ಟಣ, ಹೊರಗೆ ಅದಕ್ಕೆ ಅಂಟಿಸದ ತೆಳು ರಟ್ಟಿನ ಡಬ್ಬಿ: ಇದು ನೋಡಲು ಅಷ್ಟು ‘ಹಸಿರಾಗಿ’ ಕಾಣದು. ಆದರೆ ಗಿರಾಕಿ ಎರಡನ್ನೂ ಬೇರ್ಪಡಿಸಿ ಹಾಕಬಹುದು. ಒಂದೇ ಪದರದ ಪೊಟ್ಟಣದಲ್ಲಿ ಘಮ ಬೇಗ ಹೋಗುತ್ತದೆ ನಿಜ. ಅದಕ್ಕೆ ಒಮ್ಮೆಗೇ ರಾಶಿ ಬೀಸಿಡದೆ ಆರ್ಡರ್ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಬೀಸುವುದು ಒಳ್ಳೆಯದು.

ತಪ್ಪು ಕಲ್ಪನೆ 2: ಕಾಂಪೋಸ್ಟಬಲ್ ಕವರು ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ.

ವಾಸ್ತವ: ಪಿಎಲ್‌ಎಯಂಥ ಸಸ್ಯಮೂಲದ ಪ್ಲಾಸ್ಟಿಕ್ಕಿನ ಕವರು ಕೊಳೆಯಬೇಕಾದರೆ ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿ ವಾರಗಟ್ಟಲೆ ನಿಲ್ಲುವ ಕಾರ್ಖಾನೆ ಮಟ್ಟದ ಗೊಬ್ಬರ ಘಟಕ ಬೇಕು. ಭಾರತದ ಮಾನದಂಡ ಐಎಸ್/ಐಎಸ್‌ಒ 17088 ಹೇಳುವುದೂ ಅಂಥ ಘಟಕದ ಸ್ಥಿತಿಯನ್ನೇ. ಹಿತ್ತಲ ತಿಪ್ಪೆಯಲ್ಲಿ, ರಸ್ತೆ ಬದಿಯಲ್ಲಿ ಅದು ಬಹುಕಾಲ ಹಾಗೇ ಬಿದ್ದಿರಬಹುದು. ಮಾಮೂಲಿ ಪ್ಲಾಸ್ಟಿಕ್ ಜೊತೆ ಬೆರೆತರೆ ಅದರ ಮರುಬಳಕೆಯನ್ನೂ ಕೆಡಿಸುತ್ತದೆ.

ಇಂಥ ಕವರು ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಹೊಂದಿರಬೇಕು. ಕೇಳಿದಾಗ ತೋರಿಸದಿದ್ದರೆ ಆರ್ಡರ್ ಬೇಡ. ‘ಬಯೋಡಿಗ್ರೇಡಬಲ್’ ಎಂದು ಮುದ್ರಿಸಿದ್ದು ಪ್ರಮಾಣಪತ್ರವಾಗುವುದಿಲ್ಲ. ಇನ್ನೊಂದು ಮಾತು: ಈ ಕವರುಗಳನ್ನು ವರ್ಷಕ್ಕಾಗುವಷ್ಟು ತರಿಸಿ ಅಟ್ಟದ ಮೇಲಿಟ್ಟರೆ ಬಿಸಿಗೆ ಪುಡಿಪುಡಿಯಾಗಿ ಹರಿಯತೊಡಗುತ್ತವೆ.

ತಪ್ಪು ಕಲ್ಪನೆ 3: ರಾಜ್ಯದಲ್ಲಿ ಪ್ಲಾಸ್ಟಿಕ್ಕೇ ನಿಷೇಧ, ಕೊರಿಯರ್ ಕವರ್ ಬಳಸಿದರೆ ದಂಡ.

ವಾಸ್ತವ: ಕರ್ನಾಟಕ 2016ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಮುಂತಾದವನ್ನು. ತಯಾರಿಕಾ ಘಟಕದಲ್ಲೇ ಸರಕು ತುಂಬಿ ಸೀಲ್ ಮಾಡುವ ಪ್ಯಾಕಿಂಗಿಗೆ ಆ ಆದೇಶದಲ್ಲೇ ವಿನಾಯಿತಿ ಇತ್ತು. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಯಾದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲೂ ಕೊರಿಯರ್ ಕವರ್ ಇಲ್ಲ. ಆದರೆ ಸಿಹಿತಿಂಡಿ ಡಬ್ಬಿ, ಆಹ್ವಾನಪತ್ರಿಕೆಗಳಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ಇದೆ. ಹಬ್ಬಕ್ಕೆ ಉಡುಗೊರೆ ಡಬ್ಬಿ ಕಳಿಸುವವರು ಇದನ್ನು ಗಮನಿಸಬೇಕು.

ಪ್ಲಾಸ್ಟಿಕ್ ಪ್ಯಾಕಿಂಗ್ ಬಳಸುವ ಬ್ರ್ಯಾಂಡುಗಳು ಅದನ್ನು ವಾಪಸು ಸಂಗ್ರಹಿಸುವ ಹೊಣೆ ಹೊತ್ತು ನೋಂದಾಯಿಸಿಕೊಳ್ಳಬೇಕೆಂಬ ಮಾರ್ಗಸೂಚಿ 2022ರ ಫೆಬ್ರುವರಿಯಲ್ಲಿ ಬಂತು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಯ ಬ್ರ್ಯಾಂಡುಗಳನ್ನು ಅದರಿಂದ ಹೊರಗಿಡಲಾಗಿದೆ. ಹೊರದೇಶದಿಂದ ಕವರು ತರಿಸುವವರ ಲೆಕ್ಕ ಬೇರೆ. ಇಲ್ಲೇ ಕೊಳ್ಳುವುದಾದರೆ, ಕವರು ಕೊಡುವವರು ನೋಂದಾಯಿತರೇ ಎಂದು ಕೇಳಿ ಕೊಳ್ಳುವುದಷ್ಟೇ ನಿಮ್ಮ ಕೆಲಸ.

ತಪ್ಪು ಕಲ್ಪನೆ 4: ಬಾಕ್ಸ್ ದೊಡ್ಡದಿದ್ದಷ್ಟೂ ಸರಕು ಭದ್ರ.

ವಾಸ್ತವ: ದುಡ್ಡು ಹೆಚ್ಚು ಸೋರುವುದು ಇಲ್ಲೇ. ಹೆಚ್ಚಿನ ಕೊರಿಯರ್ ಕಂಪನಿಗಳು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಅರ್ಧ ಕೆ.ಜಿ. ಅರಿಶಿಣವನ್ನು 30×20×15 ಸೆಂ.ಮೀ. ಬಾಕ್ಸಿನಲ್ಲಿ ಕಳಿಸಿದರೆ ಲೆಕ್ಕದ ತೂಕ 1.8 ಕೆ.ಜಿ. ಅದನ್ನೇ 20×15×8ರ ಬಾಕ್ಸಿನಲ್ಲಿಟ್ಟರೆ 0.48 ಕೆ.ಜಿ., ಆಗ ದರ ತಕ್ಕಡಿಯ ತೂಕಕ್ಕಷ್ಟೇ. ಸರಕು ಅದೇ, ಬಿಲ್ಲು ಮಾತ್ರ ಬೇರೆ.

ದೊಡ್ಡ ಬಾಕ್ಸಿಗೆ ರಟ್ಟು ಹೆಚ್ಚು, ಒಳಗೆ ತುಂಬಲು ಬಬಲ್ ಶೀಟೂ ಹೆಚ್ಚು. ಖಾಲಿ ಜಾಗದಲ್ಲಿ ಬಾಟಲಿ ಅಲುಗಾಡಿ ಒಡೆಯುವ ಸಂಭವವೂ ಹೆಚ್ಚು. ಪ್ಯಾಕಿಂಗನ್ನು ಹಸಿರಾಗಿಸುವ ಮೊದಲ ಹೆಜ್ಜೆ ಟೇಪು ಹಿಡಿದು ಅಳೆಯುವುದು. ಹೆಚ್ಚು ಹೋಗುವ ಎರಡು ಮೂರು ಬಗೆಯ ಆರ್ಡರ್ ಆರಿಸಿ, ಅವಕ್ಕೆ ತಕ್ಕ ಎರಡು ಅಳತೆಯ ಬಾಕ್ಸ್ ಇಟ್ಟುಕೊಂಡರೆ ಬಹುಪಾಲು ಕೆಲಸ ನಡೆಯುತ್ತದೆ. ಸೀರೆ, ಬಟ್ಟೆಗೆ ಬಾಕ್ಸೇ ಬೇಕಿಲ್ಲ. ಗಟ್ಟಿ ಕಾಗದದ ಲಕೋಟೆ ಸಾಕು. ಮಳೆಗಾಲದಲ್ಲಿ ವಯನಾಡು, ಕೋಳಿಕ್ಕೋಡು ಕಡೆಗೆ ಹೋಗುವುದಾದರೆ ಒಳಗೊಂದು ನೀರು ತಡೆಯುವ ಕವರು ಇರಲಿ. ನೆಂದು ಹಾಳಾಗಿ ವಾಪಸು ಬಂದ ಸೀರೆಗಿಂತ ದೊಡ್ಡ ಕಸ ಬೇರಿಲ್ಲ.

ತಪ್ಪು ಕಲ್ಪನೆ 5: ಜೇನಿಗೆ ಗಾಜೇ ಸರಿ, ಪರಿಸರಕ್ಕೂ ಅದೇ ಒಳ್ಳೆಯದು.

ವಾಸ್ತವ: ಗಾಜಿಗೆ ರುಚಿ ಅಂಟದು, ತೊಳೆದು ಮತ್ತೆ ಬಳಸಬಹುದು. ಚಾಮರಾಜನಗರದ ಅಂಗಡಿಯಲ್ಲಿ ಮಾರಿ ಬಾಟಲಿ ವಾಪಸು ತೆಗೆದುಕೊಳ್ಳುವುದಾದರೆ ಗಾಜಿಗೆ ಎಣೆಯಿಲ್ಲ. ದೆಹಲಿಗೆ ಕಳಿಸಿದ ಬಾಟಲಿ ಮಾತ್ರ ಮರಳಿ ಬರುವುದಿಲ್ಲ. ಹೋಗುವಾಗ ಗಾಜಿನ ಭಾರವನ್ನೂ ಒಡೆಯದಂತೆ ಸುತ್ತಿದ್ದನ್ನೂ ಹೊತ್ತು ಹೋಗುತ್ತದೆ. ಒಂದು ಒಡೆದರೆ ಅದೇ ಬಾಕ್ಸಿನ ಉಳಿದ ಸರಕೂ ಅಂಟು. ಜೇನು ನೀರಿಗಿಂತ ಸುಮಾರು 1.4 ಪಟ್ಟು ಭಾರ, ಅರ್ಧ ಕೆ.ಜಿ.ಗೆ 350 ಮಿ.ಲೀ. ಬಾಟಲಿ ಸಾಕು. ಹತ್ತಿರದ ಗಿರಾಕಿಗೆ ಗಾಜು, ದೂರಕ್ಕೆ ಆಹಾರ ದರ್ಜೆಯ ಹಗುರ ಪೆಟ್ ಬಾಟಲಿ ಎಂದು ಎರಡು ದಾರಿ ಇಟ್ಟುಕೊಂಡರೆ ತಪ್ಪಿಲ್ಲ.

ತಪ್ಪು ಕಲ್ಪನೆ 6: ಹುಲ್ಲು, ಬಾಳೆಪಟ್ಟೆ ನಮ್ಮ ತೋಟದ್ದೇ, ಎಲ್ಲಿಗಾದರೂ ತುಂಬಿ ಕಳಿಸಬಹುದು.

ವಾಸ್ತವ: ಗೊನೆ ಕಡಿದ ಮೇಲೆ ದಿಂಡನ್ನು ತೋಟದಲ್ಲೇ ಕೊಳೆಯಲು ಬಿಡುವ ನಾಡು ಇದು. ಅದರಿಂದ ನಾರು ತೆಗೆದು ವಸ್ತು ಮಾಡುವ ಉದ್ಯಮ ಜಿಲ್ಲೆಯ ಉಮ್ಮತ್ತೂರಿನಲ್ಲೇ ಇದೆ. ಚೆನ್ನಾಗಿ ಒಣಗಿದ ಬಾಳೆನಾರಿನ ತುಣುಕು ಬಾಟಲಿಯ ಸುತ್ತ ತುಂಬಲು ಬಬಲ್ ಶೀಟಿನ ಕೆಲಸ ಮಾಡುತ್ತದೆ. ಅರೆಬರೆ ಒಣಗಿದ್ದರೆ ದಾರಿಯಲ್ಲೇ ಬೂಷ್ಟು ಹಿಡಿದು ರಟ್ಟೂ ಮೆತ್ತಗಾಗುತ್ತದೆ. ಭತ್ತದ ಹುಲ್ಲಿನಲ್ಲಿ ಹುಳು, ಕಳೆಬೀಜ ಇರಬಹುದು. ಆಸ್ಟ್ರೇಲಿಯಾದಂಥ ದೇಶಗಳು ಹುಲ್ಲು ತುಂಬಿದ ಪಾರ್ಸೆಲನ್ನು ಗಡಿಯಲ್ಲೇ ತಡೆಯುತ್ತವೆ. ಅಲ್ಲಿರುವ ನೆಂಟರಿಗೆ, ಗಿರಾಕಿಗಳಿಗೆ ಕಳಿಸುವಾಗ ಕಾಗದದ ಚೂರೇ ವಾಸಿ.

ತಪ್ಪು ಕಲ್ಪನೆ 7: ಹಳೆಯ ಬಾಕ್ಸಿನಲ್ಲಿ ಕಳಿಸಿದರೆ ಮರ್ಯಾದೆ ಹೋಗುತ್ತದೆ.

ವಾಸ್ತವ: ಒಮ್ಮೆ ಬಳಸಿದ ರಟ್ಟಿಗಿಂತ ಅಗ್ಗದ, ಹಸಿರಾದ ರಟ್ಟಿಲ್ಲ. ಕಿರಾಣಿ ಅಂಗಡಿ, ಮೆಡಿಕಲ್ ಸ್ಟೋರಿನಲ್ಲಿ ದಿನವೂ ಬಾಕ್ಸು ಬಿಚ್ಚುತ್ತಾರೆ. ಮೂಲೆ ನಜ್ಜಾಗದ, ಒದ್ದೆಯಾಗದ, ವಾಸನೆ ಹಿಡಿಯದ ಬಾಕ್ಸ್ ಆರಿಸಿ. ಹಳೆಯ ವಿಳಾಸ, ಬಾರ್‌ಕೋಡ್ ಪೂರ್ತಿ ಕಿತ್ತುಹಾಕಿ, ಇಲ್ಲದಿದ್ದರೆ ವಿಂಗಡಣೆಯ ಯಂತ್ರ ಹಳೆಯ ಕೋಡನ್ನೇ ಓದಿ ಪಾರ್ಸೆಲ್ ಬೇರೆ ಊರಿಗೆ ಹೋದೀತು. ‘ಈ ಬಾಕ್ಸಿಗೆ ಇದು ಎರಡನೇ ಪ್ರಯಾಣ’ ಎಂದು ರಬ್ಬರ್ ಸ್ಟಾಂಪ್ ಒತ್ತಿದರೆ ಗಿರಾಕಿಗೆ ಕಾರಣವೂ ತಿಳಿಯುತ್ತದೆ. ಹಳೆಯ ಪತ್ರಿಕೆಯನ್ನು ಸೀಲಾದ ಬಾಟಲಿಯ ಸುತ್ತ ತುಂಬಬಹುದು. ಆಹಾರಕ್ಕೆ ನೇರವಾಗಿ ತಾಗುವಂತೆ ಸುತ್ತುವುದನ್ನು ಮಾತ್ರ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ.

ತಪ್ಪು ಕಲ್ಪನೆ 8: ಒಳ್ಳೆಯ ಪ್ಯಾಕಿಂಗ್ ಸಾಮಾನಿಗೆ ದೊಡ್ಡ ಆರ್ಡರ್, ದೂರದ ಊರು ಬೇಕು.

ವಾಸ್ತವ: ಹಳೆಯ ಕಾಗದದಿಂದ ಕ್ರಾಫ್ಟ್ ಕಾಗದ ಮತ್ತು ರಟ್ಟಿನ ಬಾಕ್ಸ್ ಮಾಡುವ ಸೌತ್ ಇಂಡಿಯಾ ಪೇಪರ್ ಮಿಲ್ಸ್ ಇರುವುದು ಮೈಸೂರಿಗೆ ಹೋಗುವ ದಾರಿಯ ನಂಜನಗೂಡಿನಲ್ಲಿ. ಮೈಸೂರಿನಲ್ಲಿ ಸಣ್ಣ ಬಾಕ್ಸ್ ತಯಾರಕರೂ ಇದ್ದಾರೆ. ಬೆಲೆ ಏರುವುದು, ಸಾವಿರಗಟ್ಟಲೆ ತೆಗೆದುಕೊಳ್ಳಿ ಎನ್ನುವುದು ಹೆಸರು ಮುದ್ರಿಸಬೇಕೆಂದಾಗ. ಮುದ್ರಣವಿಲ್ಲದ ಬಾಕ್ಸ್ ತಂದು ಸ್ಟಾಂಪ್ ಒತ್ತಿದರೆ ಆ ಖರ್ಚು ಉಳಿಯಿತು. ಗುಂಡ್ಲುಪೇಟೆಯ ನಾಲ್ಕು ಸಂಘಗಳು ಒಂದೇ ಅಳತೆಗೆ ಒಪ್ಪಿ ಒಟ್ಟಿಗೆ ಆರ್ಡರ್ ಕೊಟ್ಟರೆ ದರವೂ ಇಳಿಯುತ್ತದೆ, ಗಾಡಿ ಬಾಡಿಗೆಯೂ ಹಂಚಿಹೋಗುತ್ತದೆ.

ಆರ್ಡರ್ ಕೊಡುವ ಮುನ್ನ

ಒಳ ಅಳತೆಯನ್ನು ಉದ್ದ, ಅಗಲ, ಎತ್ತರದ ಕ್ರಮದಲ್ಲಿ ಬರೆದು ಕೊಡಿ. ಒಂದೆರಡು ಕೆ.ಜಿ. ಸರಕಿಗೆ ಮೂರು ಪದರದ ತ್ರೀ ಪ್ಲೈ ಸಾಕು, ಬಾಟಲಿಗಳ ಕಟ್ಟಿಗೆ ಫೈವ್ ಪ್ಲೈ. ಕಾಗದದ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ), ಬರ್ಸ್ಟಿಂಗ್ ಫ್ಯಾಕ್ಟರ್ (ಒತ್ತಡಕ್ಕೆ ಒಡೆಯದೆ ತಡೆಯುವ ಶಕ್ತಿ) ಎಷ್ಟೆಂದು ಕೇಳಿ. ಹೇಳಲು ತಡವರಿಸಿದರೆ ಮುಂದಿನ ಅಂಗಡಿ ನೋಡಿ. ಹೊಳೆಯುವ ಪ್ಲಾಸ್ಟಿಕ್ ಟೇಪಿನ ಬದಲು ನೀರು ಹಚ್ಚಿ ಅಂಟಿಸುವ ಕಾಗದದ ಟೇಪ್ ತರಿಸಿ, ಅದು ಬಾಕ್ಸಿನ ಜೊತೆಗೇ ಮರುಬಳಕೆಗೆ ಹೋಗುತ್ತದೆ. ಮೊದಲು ಹತ್ತು ಮಾದರಿ ತರಿಸಿ, ಸರಕು ತುಂಬಿ, ಸೊಂಟದ ಎತ್ತರದಿಂದ ಮೂಲೆ, ಅಂಚು, ತಳ ಮೂರರ ಮೇಲೂ ಬೀಳಿಸಿ ನೋಡಿ. ತಡೆದರೆ ಎರಡು ತಿಂಗಳಿಗಾಗುವಷ್ಟೇ ಕೊಳ್ಳಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಕೊನೆಗೆ ಪ್ರತಿ ಪಾರ್ಸೆಲಿನಲ್ಲೂ ಒಂದು ಸಾಲು ಬರೆಯಿರಿ: ಯಾವುದು ಕಾಗದದ ಗುಜರಿಗೆ, ಯಾವುದು ಪ್ಲಾಸ್ಟಿಕ್ ಗುಜರಿಗೆ, ಯಾವುದು ಗಿಡದ ಬುಡಕ್ಕೆ. ಆ ಸಾಲನ್ನು ಸುಳ್ಳಿಲ್ಲದೆ ಬರೆಯಲು ನಿಮಗೆ ಸಾಧ್ಯವಾದರೆ ನಿಮ್ಮ ಪ್ಯಾಕಿಂಗ್ ಸರಿಯಿದೆ.