ಅಂಗಡಿಯ ಗಲ್ಲಾ ಮರೆತ ಆಂಡ್ರಾಯ್ಡ್ ಒನ್: ತಾಲ್ಲೂಕು ವರ್ತಕರಿಗೊಂದು ಪಾಠ

ಹೊಸ ಸರಕೊಂದು ಮಾರುಕಟ್ಟೆಗೆ ಬಂದಾಗ ಅದರ ಯಶಸ್ಸನ್ನು ಬೆಲೆಯಿಂದಲೇ ಅಳೆಯುವುದು ನಮ್ಮಲ್ಲಿ ರೂಢಿ. ಬೆಲೆ ಕಡಿಮೆಯಾದರೆ ಗಿರಾಕಿ ತಾನಾಗಿಯೇ ಬರುತ್ತಾನೆಂಬ ಈ ನಂಬಿಕೆಯನ್ನು ಒರೆಗೆ ಹಚ್ಚಲು, ಗೂಗಲ್ ಸಂಸ್ಥೆ 2014ರಲ್ಲಿ ಭಾರತದಲ್ಲಿ ಆರಂಭಿಸಿದ ‘ಆಂಡ್ರಾಯ್ಡ್ ಒನ್’ ಯೋಜನೆಯು ತಕ್ಕ ಉದಾಹರಣೆಯಾಗಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರಿನ ವರ್ತಕರ ಲೆಕ್ಕಪತ್ರಗಳನ್ನು ಬಹುಕಾಲದಿಂದ ಪರಿಶೀಲಿಸುತ್ತ ಬಂದಿರುವವನಾಗಿ, ಆ ಯೋಜನೆಯ ಮಂದಗತಿಯ ಕಾರಣಗಳನ್ನು ವರ್ತಕ ಬಾಂಧವರ ಮುಂದಿಡಬಯಸುತ್ತೇನೆ.

ಯೋಜನೆಯ ಹಿನ್ನೆಲೆ

2014ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಸುಂದರ್ ಪಿಚೈ ಅವರು ಈ ಯೋಜನೆಗೆ ಚಾಲನೆ ನೀಡಿದರು. ಮೈಕ್ರೋಮ್ಯಾಕ್ಸ್, ಕಾರ್ಬನ್ ಮತ್ತು ಸ್ಪೈಸ್ ಎಂಬ ಮೂರು ಭಾರತೀಯ ಕಂಪನಿಗಳು ಫೋನುಗಳನ್ನು ಹೊರತಂದವು. ಇವುಗಳಲ್ಲಿ ಕಾರ್ಬನ್ ಬ್ರಾಂಡಿನ ಪಾಲುದಾರ ಸಂಸ್ಥೆಯೊಂದು ನಮ್ಮ ಬೆಂಗಳೂರಿನದೇ. ಯಂತ್ರಾಂಗದ ಸ್ವರೂಪವನ್ನು ಗೂಗಲ್ ನಿಗದಿಪಡಿಸುವುದು, ಕಂಪನಿಗಳು ಫೋನನ್ನು ಸಿದ್ಧಪಡಿಸಿ ಮಾರುವುದು, ತಂತ್ರಾಂಶದ ಹೊಸ ಆವೃತ್ತಿಗಳು ಗೂಗಲ್‌ನಿಂದಲೇ ನೇರವಾಗಿ ಗ್ರಾಹಕನನ್ನು ತಲುಪುವುದು ಎಂಬುದು ಅದರ ತಿರುಳು. ಎರಡು ಸಿಮ್, ಎಫ್‌.ಎಂ. ರೇಡಿಯೋ, 4.5 ಇಂಚಿನ ಪರದೆ. ಆರಂಭಿಕ ಬೆಲೆ ಸುಮಾರು 6,400 ರೂಪಾಯಿ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಇರಲಾರದೆಂದು ಎಲ್ಲರೂ ಭಾವಿಸಿದ್ದರು.

ಆದರೆ ಮಾರಾಟ ನಿರೀಕ್ಷೆಯನ್ನು ಮುಟ್ಟಲಿಲ್ಲ. ಯೋಜನೆಯು ಅಂದುಕೊಂಡ ಫಲ ನೀಡಿಲ್ಲವೆಂಬುದನ್ನು 2015ರಲ್ಲಿ ಗೂಗಲ್‌ನ ಭಾರತ ವಿಭಾಗದ ಮುಖ್ಯಸ್ಥರಾಗಿದ್ದ ರಾಜನ್ ಆನಂದನ್ ಅವರೇ ಒಪ್ಪಿಕೊಂಡರು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದಂತಾಯಿತು.

ಮಂದಗತಿಗೆ ಕಾರಣಗಳು

ಮೊದಲನೆಯದಾಗಿ, ಈ ಫೋನುಗಳ ಮಾರಾಟ ಆರಂಭವಾದುದು ಅಂತರಜಾಲ ಮಳಿಗೆಗಳಲ್ಲಿ ಮಾತ್ರ. ಅಂಗಡಿಗಳಿಗೆ ಅವು ಬಂದದ್ದು ಅನಂತರ. ಹೊಸತನದ ಲಾಭವನ್ನು ಬೇರೆಯವರು ಪಡೆದ ಮೇಲೆ ಉಳಿದದ್ದನ್ನು ತಾವೇಕೆ ಮಾರಬೇಕೆಂದು ಅನೇಕ ಚಿಲ್ಲರೆ ವರ್ತಕರು ಹಿಂಜರಿದರು. ಅವರ ಅಸಮಾಧಾನ ಅಂದಿನ ಪತ್ರಿಕೆಗಳಲ್ಲಿಯೂ ವರದಿಯಾಗಿತ್ತು.

ನಮ್ಮ ಭಾಗದಲ್ಲಿ ಇದರ ಅರ್ಥ ಇನ್ನೂ ಆಳವಾದುದು. ಸೆಪ್ಟೆಂಬರ್ ಮಧ್ಯಭಾಗದಲ್ಲಿ ಚನ್ನಗಿರಿಯ ಅಡಿಕೆಯ ಕೊಯ್ಲು ಇನ್ನೂ ಮುಗಿದಿರುವುದಿಲ್ಲ. ಜಗಳೂರಿನ ಮೆಕ್ಕೆಜೋಳ ಹೊಲದಲ್ಲಿರುತ್ತದೆ. ರೈತನ ಕೈಗೆ ಹಣ ಸೇರುವುದು ಕೊಯ್ಲು ಮುಗಿದು ಮಾಲು ಮಂಡಿಗೋ ಸಹಕಾರ ಸಂಘಕ್ಕೋ ತಲುಪಿದ ಮೇಲೆ. ಆ ಅಂತರವನ್ನು ತುಂಬುವವನು ಮುಖಪರಿಚಯದ ಮೇಲೆ ಉದ್ದರಿ ಬರೆದುಕೊಳ್ಳುವ ಅಂಗಡಿಯವನು. ಅಂತರಜಾಲ ಮಳಿಗೆಗೆ ಈ ಉದ್ದರಿಯ ಪುಸ್ತಕವಿಲ್ಲ. ಆಗ ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದ ನ್ಯಾಮತಿಯ ಕಕ್ಷಿದಾರರೊಬ್ಬರು, ಅಂತರಜಾಲದಲ್ಲಿ ಕೊಂಡ ವಸ್ತುಗಳನ್ನು ಶಿವಮೊಗ್ಗದ ಬಂಧುಗಳ ವಿಳಾಸಕ್ಕೆ ತರಿಸಿಕೊಳ್ಳುತ್ತಿದ್ದುದು ನನಗೆ ನೆನಪಿದೆ.

ಎರಡನೆಯದಾಗಿ, ಮೂರೂ ಕಂಪನಿಗಳ ಫೋನುಗಳು ಒಳಗೆ ಬಹುಮಟ್ಟಿಗೆ ಒಂದೇ ಆಗಿದ್ದವು. ತನ್ನದೆಂದು ಹೇಳಿಕೊಳ್ಳುವ ವಿಶೇಷವಿಲ್ಲದ ಸರಕಿಗೆ ಯಾವ ತಯಾರಕನೂ ಮನಸ್ಸಿಟ್ಟು ಪ್ರಚಾರ ಮಾಡಲಾರ.

ಮೂರನೆಯದೇ ಅತಿ ಮುಖ್ಯವಾದುದು. ಹೊಸ ತಂತ್ರಾಂಶ ಕಾಲಕಾಲಕ್ಕೆ ದೊರೆಯುತ್ತದೆಂಬುದು ಈ ಫೋನಿನ ಹೆಗ್ಗಳಿಕೆ. ಆದರೆ ನೂರಾರು ಎಂ.ಬಿ. ಗಾತ್ರದ ತಂತ್ರಾಂಶವನ್ನು ಇಳಿಸಿಕೊಳ್ಳಲು ಆಗಿನ 2ಜಿ ಸಂಪರ್ಕದಲ್ಲಿ ಸಾಧ್ಯವಿರಲಿಲ್ಲ. 3ಜಿ ಇದ್ದೆಡೆ ಡೇಟಾ ದುಬಾರಿಯಾಗಿತ್ತು. ನಗರದಲ್ಲಿ ಗುಣವೆನಿಸಿದ್ದು ಜಗಳೂರಿನ ಹಳ್ಳಿಯಲ್ಲಿ ಖರ್ಚಿನ ಬಾಬ್ತಾಯಿತು. ಈ ತೊಡಕನ್ನು ಅರಿತೇ ಗೂಗಲ್, ಏರ್‌ಟೆಲ್ ಜೊತೆಗೂಡಿ ಆರು ತಿಂಗಳ ಕಾಲ ಉಚಿತ ಡೇಟಾ ಸೌಲಭ್ಯ ನೀಡಿತ್ತು. ಏರ್‌ಟೆಲ್ ಸಿಮ್ ಇಲ್ಲದವರಿಗೆ ಅದರಿಂದ ಉಪಯೋಗವಾಗಲಿಲ್ಲ.

ನಾಣ್ಯದ ಇನ್ನೊಂದು ಮುಖ

ಅಂತರಜಾಲ ಮಾರಾಟವೇ ಸೋಲಿಗೆ ಏಕೈಕ ಕಾರಣವೆಂದರೆ ಲೆಕ್ಕ ತಾಳೆಯಾಗುವುದಿಲ್ಲ. ಅದೇ ತಿಂಗಳು ಶಿಯೋಮಿ ಕಂಪನಿಯ ರೆಡ್‌ಮಿ 1ಎಸ್ 5,999 ರೂಪಾಯಿಗೆ ಅಂತರಜಾಲದಲ್ಲಿ ಮಾತ್ರ ಮಾರಾಟಕ್ಕಿಟ್ಟು, ಕ್ಷಣಾರ್ಧದಲ್ಲಿ ಖರ್ಚಾಗುತ್ತಿತ್ತು. ಅದರ ಪರದೆ ಮತ್ತು ಕ್ಯಾಮೆರಾ ಉತ್ತಮವಾಗಿದ್ದವು. ಕಣ್ಣಿಗೆ ಕಾಣುವ ಗುಣ ತಾನೇ ಮಾರಾಟವಾಗುತ್ತದೆ. ತಂತ್ರಾಂಶದಂತಹ ಕಾಣದ ಗುಣವನ್ನು ಯಾರಾದರೂ ವಿವರಿಸಿ ಹೇಳಬೇಕು. ಆಂಡ್ರಾಯ್ಡ್ ಒನ್‌ಗೆ ಬೇಕಾಗಿದ್ದದ್ದು ಇಂತಹ ವಿವರಣೆ. ವಿವರಿಸಬಲ್ಲ ಅಂಗಡಿಯವನನ್ನೇ ಅದು ಬದಿಗಿರಿಸಿತು.

ಮುಂದಿನ ವರ್ಷಗಳು ಇದನ್ನೇ ದೃಢಪಡಿಸಿದವು. ಅಂತರಜಾಲದಲ್ಲಿಯೇ ಬೆಳೆದ ಶಿಯೋಮಿ 2017ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತನ್ನ ಮೊದಲ ‘ಮಿ ಹೋಮ್’ ಮಳಿಗೆಯನ್ನು ತೆರೆಯಿತು. ಅದೇ ವರ್ಷ 1,500 ರೂಪಾಯಿ ಠೇವಣಿಗೆ ದೊರೆತ ಜಿಯೋಫೋನ್ ಅಂಗಡಿಗಳ ಮೂಲಕವೂ ಊರೂರಿಗೆ ತಲುಪಿತು. ಆಂಡ್ರಾಯ್ಡ್ ಒನ್ ಕೂಡ 2017ರ ಸೆಪ್ಟೆಂಬರ್‌ನಲ್ಲಿ 14,999 ರೂಪಾಯಿಯ ಮಿ ಎ1 ಮೂಲಕ ಮರುಜೀವ ಪಡೆಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ಅಗ್ಗವಾಗಿದ್ದರಿಂದ, ಮೊದಲು ಹೊರೆಯೆನಿಸಿದ್ದ ಗುಣ ಆ ವೇಳೆಗೆ ನಿಜವಾದ ಗುಣವಾಗಿತ್ತು.

ವರ್ತಕರು ಗಮನಿಸಬೇಕಾದುದು

ಅಂಗಡಿಯವನಿಲ್ಲದೆ ವ್ಯಾಪಾರವಿಲ್ಲವೆಂದು ನಾವು ಬೀಗುವಂತಿಲ್ಲ. ಹೊನ್ನಾಳಿಯ ನನ್ನ ಕಕ್ಷಿದಾರರೊಬ್ಬರು ವಿತರಕರ ಮಾತು ನಂಬಿ, ದೀಪಾವಳಿಗೆಂದು ಹೊಸ ಮಾದರಿಯೊಂದರ ಹನ್ನೆರಡು ಫೋನುಗಳನ್ನು ತರಿಸಿದ್ದರು. ಮಾರ್ಚ್ 31ರ ದಾಸ್ತಾನು ಪಟ್ಟಿಯಲ್ಲಿ ಏಳು ಹಾಗೆಯೇ ಉಳಿದಿದ್ದವು. ಕೊಂಡ ಬೆಲೆ, ಈಗ ಮಾರಿದರೆ ಬರುವ ನಿವ್ವಳ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ದಾಸ್ತಾನಿನ ಮೌಲ್ಯವಾಗಿ ತೋರಿಸಬೇಕೆಂಬ ಲೆಕ್ಕಶಾಸ್ತ್ರದ ನಿಯಮವನ್ನು ಅವರಿಗೆ ತಿಳಿಸಿದೆ. ಆ ವರ್ಷ ಅವರ ಮಗಳ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟ ಲಾಭದಲ್ಲಿ ಬಹುಪಾಲು ಆ ಏಳು ಪೆಟ್ಟಿಗೆಗಳಲ್ಲಿಯೇ ಕರಗಿತ್ತು.

ಆದುದರಿಂದ ಹೊಸ ಸರಕಿನ ಪ್ರತಿನಿಧಿ ಬಾಗಿಲಿಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು. ಇದರ ಗುಣ ನಮ್ಮ ಊರಿನಲ್ಲಿಯೂ ಗುಣವಾಗಿಯೇ ಉಳಿಯುವುದೇ? ಇದೇ ವಸ್ತು ಅಂತರಜಾಲದಲ್ಲಿ ಯಾವ ಬೆಲೆಗೆ, ಎಂದು ದೊರೆಯಲಿದೆ? ಮಾರಾಟವಾಗದೆ ಉಳಿದದ್ದನ್ನು ಹಿಂದಕ್ಕೆ ಪಡೆಯುವರೇ? ಈ ಮೂರಕ್ಕೂ ಲಿಖಿತ ಉತ್ತರ ಬರುವವರೆಗೆ ಎರಡು ಫೋನು ಸಾಕು, ಹನ್ನೆರಡು ಬೇಡ.